ಅಪ್ಪ ಕೊನೇವರೆಗೂ ಮನೆಯಲ್ಲೇ ಇರ್ತೀನಿ ಅಂತಿದ್ದಾರೆ. ಬಾಡಿಗೆ ಮನೆ, ಮೊದಲನೇ ಮಹಡಿ. ಹೇಗೆ ನಿಭಾಯಿಸೋದು?

ಪ್ರಶ್ನೆ: ತ್ಯಾಗರಾಜನಗರದಿಂದ ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಅಪ್ಪನಿಗೆ 83 ವರ್ಷ. ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಜಠರದ ಕ್ಯಾನ್ಸರ್, ಈಗ ಲಿವರ್‌ಗೂ ಹರಡಿದೆ. ಕೀಮೋ ತಡೆದುಕೊಳ್ಳೋ ಶಕ್ತಿ ದೇಹದಲ್ಲಿಲ್ಲ, ಮನೆಗೆ ಕರ್ಕೊಂಡು ಹೋಗಿ ಚೆನ್ನಾಗಿ ನೋಡ್ಕೊಳ್ಳಿ ಅಂತ ಡಾಕ್ಟರು ಹೇಳಿದರು. ಚೆನ್ನಾಗಿ ನೋಡ್ಕೊಳ್ಳೋದು ಹೇಗೆ ಅಂತ ಮಾತ್ರ ಆ ಆಸ್ಪತ್ರೆಯಲ್ಲಿ ಒಬ್ಬರೂ ಕೂರಿಸಿಕೊಂಡು ಹೇಳಲಿಲ್ಲ. ಡಿಸ್ಚಾರ್ಜ್ ಸಮ್ಮರಿ ಕೈಗಿಟ್ಟು ಕಳಿಸಿದರು.

ಅಪ್ಪನಿಗೆ ಎಲ್ಲ ಗೊತ್ತು. "ಮತ್ತೆ ಆಸ್ಪತ್ರೆ ಬೇಡಮ್ಮ, ಇಲ್ಲೇ ಇದ್ದುಬಿಡ್ತೀನಿ" ಅಂತ ಅವರ ಬಾಯಲ್ಲೇ ಬಂದಿದೆ. ಬೆಳಗ್ಗೆ ಎದ್ದ ಕೂಡಲೇ ಜನತಾ ವಾಚಿಗೆ ಕೀ ಕೊಡೋದು ಅವರ ಅಭ್ಯಾಸ. ಈಗ ಬೆರಳಲ್ಲಿ ಬಲ ಇಲ್ಲ, ನನ್ನ ಕೈಗೆ ಕೊಟ್ಟು "ಬಿಗಿ ಸಿಕ್ಕ ತಕ್ಷಣ ನಿಲ್ಸು, ಮೇಲೆ ತಿರುಗಿಸಬೇಡ" ಅಂತ ದಿನಾ ಹೇಳ್ತಾರೆ. ಬುದ್ಧಿ ಅಷ್ಟು ಚುರುಕಾಗಿದೆ. ಅದಕ್ಕೇ ಅವರ ಮಾತು ಉಳಿಸಿಕೊಡಬೇಕು ಅಂತ ನನಗೂ ನಮ್ಮೆಜಮಾನರಿಗೂ ಇದೆ.

ನನ್ನ ಕಷ್ಟಗಳು ಇವು. ರಾತ್ರಿ ಎರಡು ಮೂರು ಗಂಟೆ ಹೊತ್ತಿಗೆ ನೋವು ಎದ್ದರೆ ಗೋಡೆ ಕಡೆ ತಿರುಗಿ ಹಲ್ಲು ಕಚ್ಚಿಕೊಂಡು ಮಲಗ್ತಾರೆ, ಈಗಿನ ಮಾತ್ರೆ ಸಾಲ್ತಿಲ್ಲ. ಮಾರ್ಫಿನ್ ಅಂತ ಒಂದಿದೆ ಅಂತಾರೆ, ಅದು ಕೊಟ್ಟರೆ ಬೇಗ ಹೋಗಿಬಿಡ್ತಾರೆ ಅಂತಲೂ ಅಂತಾರೆ. ಊಟ ದಿನಕ್ಕೆ ನಾಲ್ಕು ಚಮಚ ಗಂಜಿಗೆ ಇಳಿದಿದೆ. ಮೈಸೂರಿನಿಂದ ಅಕ್ಕ ಬಂದಿದ್ದಾಳೆ, "ಹೆತ್ತಪ್ಪನ್ನ ಹಸಿವಲ್ಲಿ ಇಡ್ತೀಯಾ, ಮೂಗಿಗೆ ಟ್ಯೂಬ್ ಹಾಕ್ಸು, ಡ್ರಿಪ್ ಹಾಕ್ಸು" ಅಂತ ಅಳ್ತಾಳೆ. ಕೆಳಗಿರೋ ಓನರ್ ಮನೆಯವರು ಒಳ್ಳೆಯವರೇ, ಆದರೆ ಮನೆಯಲ್ಲಿ ಸಾವಾಗೋದು ಅವರಿಗೆ ಇಷ್ಟ ಇಲ್ಲ ಅನ್ನೋದು ಮಾತಿನಲ್ಲೇ ಗೊತ್ತಾಗುತ್ತೆ. ಎಲ್ಲಕ್ಕಿಂತ ಹೆಚ್ಚಾಗಿ, ಆ ಗಳಿಗೆ ಬಂದಾಗ ನಾನು ಯಾರಿಗೆ ಫೋನ್ ಮಾಡ್ಬೇಕು, ಏನು ಮಾಡ್ಬೇಕು ಅನ್ನೋದೇ ತೋಚ್ತಿಲ್ಲ. ಮನೆಯಲ್ಲೇ ನೋಡಿಕೊಂಡವರು ಯಾರಾದರೂ ಇದ್ದರೆ ಹೇಳಿ.

ಉತ್ತರ: ಶ್ರೀನಗರದಿಂದ

ತಾಯಿ, ನಿಮ್ಮ ಪ್ರಶ್ನೆ ಓದಿ ತಕ್ಷಣ ಬರೀತಾ ಇದ್ದೀನಿ. ನಮ್ಮತ್ತೆಯನ್ನು ಅನ್ನನಾಳದ ಕ್ಯಾನ್ಸರ್‌ನಲ್ಲಿ ಕೊನೇವರೆಗೂ ಮನೆಯಲ್ಲೇ ನೋಡಿಕೊಂಡೆವು. ನಮ್ಮದೂ ಬಾಡಿಗೆ ಮನೆಯೇ.

ಮೊದಲು ಮಾಡಬೇಕಾದ್ದು ಒಂದೇ ಒಂದು, ಉಳಿದಿದ್ದೆಲ್ಲ ಅದರ ಹಿಂದೆ ಬರುತ್ತೆ. ಮನೆಗೆ ಬಂದು ನೋಡುವ, ರಾತ್ರಿ ಫೋನ್ ಎತ್ತುವ, ಕೊನೆಗೆ ಬಂದು ಸರ್ಟಿಫಿಕೇಟ್‌ಗೆ ಸಹಿ ಹಾಕುವ ಒಬ್ಬ ಡಾಕ್ಟರನ್ನು ಈ ವಾರವೇ ಗೊತ್ತು ಮಾಡಿಕೊಳ್ಳಿ. ಮನೆಯಲ್ಲೇ ಇರಬೇಕು ಅಂದುಕೊಂಡ ಎಷ್ಟೋ ಹಿರಿಯರು ಕೊನೆಯ ರಾತ್ರಿ ಆಂಬುಲೆನ್ಸಿನಲ್ಲಿ, ಎಮರ್ಜೆನ್ಸಿ ವಾರ್ಡಿನ ಟ್ಯೂಬ್‌ಲೈಟ್ ಕೆಳಗೆ ಹೋಗೋದು ಈ ಒಂದು ಏರ್ಪಾಡು ಇಲ್ಲದ್ದಕ್ಕೆ. ಮನೆಯವರಿಗೆ ಗಾಬರಿ ಆಗುತ್ತೆ, ಕೇಳೋಕೆ ಯಾರೂ ಇರಲ್ಲ, 108ಕ್ಕೆ ಫೋನ್ ಹೋಗುತ್ತೆ. ಆಮೇಲೆ ಅವರವರ ಕೆಲಸ ಅವರು ಮಾಡ್ತಾರೆ: ಎದೆ ಒತ್ತೋದು, ಗಂಟಲಿಗೆ ಟ್ಯೂಬ್, ಐಸಿಯು. ಆ ಹೊತ್ತಲ್ಲಿ ಬೇಡ ಅನ್ನೋ ಧೈರ್ಯ ಯಾರಿಗೂ ಇರಲ್ಲ.

ಎಲ್ಲಿ ಕೇಳೋದು ಅಂದರೆ, ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನೋವು ಮತ್ತು ಉಪಶಮನ ಆರೈಕೆಗೇ (ರೋಗ ವಾಸಿಯಾಗದಿದ್ದರೂ ಸಂಕಟ ಕಡಿಮೆ ಮಾಡೋ ಆರೈಕೆ, ಪ್ಯಾಲಿಯೇಟಿವ್ ಕೇರ್ ಅಂತಾರೆ) ಬೇರೆ ವಿಭಾಗ ಇದೆ. ಅಪ್ಪನನ್ನು ಹೊತ್ತುಕೊಂಡು ಹೋಗೋದು ಬೇಡ, ಫೈಲು ಹಿಡಿದುಕೊಂಡು ಮೊದಲು ನೀವು ಹೋಗಿ ವಿಚಾರಿಸಿ. ಮಾರತ್‌ಹಳ್ಳಿ ಹತ್ತಿರದ ಕರುಣಾಶ್ರಯದವರು 1999ರಿಂದ ಮುಂದುವರಿದ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ರೂಪಾಯಿ ತೆಗೆದುಕೊಳ್ಳದೆ ನೋಡಿಕೊಳ್ತಾ ಇದ್ದಾರೆ. ಅವರಲ್ಲಿ ಮನೆಗೆ ಬಂದು ನೋಡುವ ತಂಡವೂ ಇದೆ, ನಿಮ್ಮ ಕಡೆಗೆ ಬರ್ತಾರಾ ಕೇಳಿ. ಮನೆಯಲ್ಲಿ ಕೈ ಮೀರಿದರೆ ಅಲ್ಲಿಗೆ ಸೇರಿಸಬಹುದು. ಹಾಗೆ ಸೇರಿಸಿದರೆ ಅಪ್ಪನ ಮಾತು ಮುರಿದಂತಾಯಿತು ಅಂತ ಅಂದುಕೊಳ್ಳಬೇಡಿ. ಅವರು ಬೇಡ ಅಂದಿದ್ದು ಮಷೀನುಗಳನ್ನು, ಅಪರಿಚಿತರ ಓಡಾಟವನ್ನು.

ಇನ್ನು ಮನೆ. ಮಂಚ ಹಾಲಿಗೆ ತನ್ನಿ. ಹಿಂದಿನ ರೂಮಲ್ಲಿ ಹಾಕಿದರೆ ಎಲ್ಲರೂ "ಹೋಗಿ ನೋಡಿಕೊಂಡು ಬರೋದು" ಆಗುತ್ತೆ, ಹಾಲಲ್ಲಿದ್ದರೆ ಅವರು ಮನೆಯವರ ನಡುವೆಯೇ ಇರ್ತಾರೆ. ಕುಕ್ಕರ್ ಕೂಗೋದು, ಮಕ್ಕಳ ಗಲಾಟೆ, ಸೊಪ್ಪಿನವಳ ಕೂಗು ಎಲ್ಲ ಕಿವಿಗೆ ಬೀಳುತ್ತೆ. ತಲೆ ಕಡೆ ಎತ್ತಿಸುವ ಹ್ಯಾಂಡಲ್ ಇರೋ ಆಸ್ಪತ್ರೆ ಮಂಚ ತಿಂಗಳ ಬಾಡಿಗೆಗೆ ಸಿಗುತ್ತೆ. ಏರ್ ಬೆಡ್ ಹಾಕಿ, ಆದರೆ ಅದರ ಪಂಪು ಕರೆಂಟಿನಲ್ಲಿ ಓಡೋದು. ಕರೆಂಟ್ ಹೋದಾಗ ಅದು ಚಪ್ಪಟೆ ಆದರೆ ಕೆಳಗೆ ಹತ್ತಿ ಹಾಸಿಗೆ ಇರಲೇಬೇಕು. ಯುಪಿಎಸ್ ಇದ್ದರೆ ಪಂಪಿನ ಪ್ಲಗ್ಗನ್ನು ಆ ಲೈನಿಗೆ ಕೊಡಿಸಿ.

ಮಗ್ಗುಲು ಬದಲಿಸೋದು ಎರಡು ಗಂಟೆಗೊಮ್ಮೆ ಅಂತ ನಮಗೆ ಹೇಳಿಕೊಟ್ಟಿದ್ದರು. ಅದಕ್ಕೆ ಒಂದು ಉಪಾಯ ಇದೆ. ಒಂದು ಹಳೇ ಕಾಟನ್ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹೆಗಲಿನಿಂದ ತೊಡೆವರೆಗೆ ಅವರ ಅಡಿಯಲ್ಲಿ ಹಾಸಿಡಿ. ಇಬ್ಬರು ಎರಡೂ ಕಡೆ ನಿಂತು ಸೀರೆಯ ಅಂಚನ್ನು ಮೈಗೆ ಹತ್ತಿರ ಸುತ್ತಿ ಹಿಡಿದು, ಒಟ್ಟಿಗೆ ಎತ್ತಿ ಸರಿಸಿ, ಆಮೇಲೆ ಹೊರಳಿಸಿ. ತೋಳು ಹಿಡಿದು ಎಳೆದರೆ ಅವರ ಚರ್ಮ ಕಿತ್ತು ಬರುತ್ತೆ, ಅಷ್ಟು ತೆಳ್ಳಗಾಗಿರುತ್ತೆ. ಬೆನ್ನ ಹಿಂದೆ ಒಂದು ದಿಂಬು, ಮಂಡಿಗಳ ನಡುವೆ ಒಂದು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಕಾಲ ಕೆಳಗೆ ಒಂದು. ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಕೆಂಪಾಗಿದೆಯಾ ಅಂತ ಸ್ಪಂಜ್ ಬಾತ್ ಮಾಡಿಸುವಾಗ ದಿನಾ ನೋಡಿ. ಕೆಂಪಾದ ಜಾಗವನ್ನು ತಿಕ್ಕಬಾರದು, ಅಲ್ಲಿ ಭಾರ ಬೀಳದ ಹಾಗೆ ಮಲಗಿಸಬೇಕು. ಇದಕ್ಕೆ ಮಾತ್ರ ಮೈಗಳ್ಳತನ ಸಲ್ಲದು, ಬೆನ್ನಿಗೆ ಹುಣ್ಣು ಬಿದ್ದಮೇಲೆ ಮಾಯಿಸೋದು ತುಂಬ ಕಷ್ಟ.

ಓನರ್ ವಿಷಯ ನನಗೆ ಚೆನ್ನಾಗಿ ಅರ್ಥ ಆಗುತ್ತೆ. ನಮ್ಮ ಓನರ್ ಅಮ್ಮನವರಿಗೆ ಇದ್ದದ್ದು ಧನಿಷ್ಠಾ ಪಂಚಕದ ಭಯ. ಆ ನಕ್ಷತ್ರದಲ್ಲಿ ಜೀವ ಹೋದರೆ ಮನೆ ಬಿಡಬೇಕು, ತಿಂಗಳುಗಟ್ಟಲೆ ಬೀಗ ಹಾಕಬೇಕು ಅಂತ ಅವರ ನಂಬಿಕೆ. ವಾದ ಮಾಡಲು ಹೋಗಲಿಲ್ಲ. ನಮ್ಮ ಯಜಮಾನರು ಕೆಳಗೆ ಹೋಗಿ ಕೂತು, "ಅಮ್ಮನಿಗೆ ಇನ್ನು ಹೆಚ್ಚು ಕಾಲ ಇಲ್ಲ, ಇಲ್ಲೇ ಇರಬೇಕು ಅಂತ ಆಸೆ ಪಡ್ತಿದ್ದಾರೆ. ಏನಾದರೂ ಆದರೆ ನಿಮ್ಮ ಪುರೋಹಿತರು ಹೇಳಿದ ಶಾಂತಿಯನ್ನೇ ನಮ್ಮ ಖರ್ಚಲ್ಲಿ ಮಾಡಿಸ್ತೀವಿ, ಮುಂದಿನ ಕಾರ್ಯ ಎಲ್ಲ ಬೇರೆ ಕಡೆ ಮಾಡ್ಕೋತೀವಿ" ಅಂತ ಮುಂಚೆಯೇ ಹೇಳಿದರು. ಅವತ್ತಿನಿಂದ ಆಯಮ್ಮನೇ ದಿನಾ ಬಿಸಿನೀರು ಕಾಯಿಸಿ ಕಳಿಸೋಕೆ ಶುರು ಮಾಡಿದರು. ಮರೆಮಾಚಿದರೆ ಅನುಮಾನ ಬೆಳೆಯುತ್ತೆ, ಹೋಗಿ ಹೇಳಿಬಿಡಿ.

ಮಹಡಿ ಮೆಟ್ಟಿಲಿನ ತಿರುವಿನಲ್ಲಿ ಸ್ಟ್ರೆಚರ್ ತಿರುಗುತ್ತಾ ಅಂತಲೂ ಒಮ್ಮೆ ನೋಡಿಕೊಳ್ಳಿ. ನಮ್ಮ ಕಡೆಯ 20x30 ಸೈಟಿನ ಮನೆಗಳಲ್ಲಿ ಎಷ್ಟೋ ಕಡೆ ತಿರುಗಲ್ಲ, ಗಟ್ಟಿ ಬೆಡ್‌ಶೀಟು ಮತ್ತು ನಾಲ್ಕು ಜನ ಬೇಕಾಗುತ್ತೆ. ಆ ನಾಲ್ಕು ಜನ ಯಾರು ಅಂತ ಈಗಲೇ ಮನಸ್ಸಲ್ಲಿರಲಿ.

ಉತ್ತರ: ಉಪಶಮನ ಆರೈಕೆ ವಿಭಾಗದಲ್ಲಿ ನರ್ಸ್ ಆಗಿದ್ದವಳು, ಈಗ ನಿವೃತ್ತೆ

ಮಾರ್ಫಿನ್ ಬಗ್ಗೆ ಮಾತ್ರ ನಾನು ಹೇಳ್ತೀನಿ, ಯಾಕೆಂದರೆ ಇದರ ಭಯಕ್ಕೆ ಎಷ್ಟೋ ಜನ ಸುಮ್ಮನೆ ನರಳೋದನ್ನ ನೋಡಿದ್ದೀನಿ.

ಡಾಕ್ಟರು ನೋವಿಗೆ ತಕ್ಕ ಹಾಗೆ ಸಣ್ಣ ಡೋಸಿನಿಂದ ಶುರು ಮಾಡಿ ಏರಿಸಿದರೆ ಮಾರ್ಫಿನ್‌ನಿಂದ ಯಾರೂ ಬೇಗ ಹೋಗಲ್ಲ. ನೋವಿಗಾಗಿ ಹೀಗೆ ತೆಗೆದುಕೊಳ್ಳುವವರು ಚಟಕ್ಕೆ ಬೀಳ್ತಾರೆ ಅನ್ನೋ ಭಯವೂ ಬೇಡ. ಮಾಮೂಲಿ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ ಇರುತ್ತೆ, ಅದಕ್ಕೇ ಗಡಿಯಾರ ನೋಡಿಕೊಂಡು ಕೊಡೋದು. ನೋವು ಬಂದಮೇಲೆ ಕೊಡೋಣ ಅಂತ ಕಾದರೆ ನೋವನ್ನು ಹಿಡಿಯೋಕೆ ಹೆಚ್ಚು ಔಷಧಿ ಬೇಕಾಗುತ್ತೆ. ನಿಮ್ಮ ತಂದೆಯವರಿಗೆ ಲಿವರ್‌ಗೆ ಹರಡಿದೆ ಅಂದಿರಿ. ಲಿವರ್, ಕಿಡ್ನಿ ಸೋತವರಿಗೆ ಡೋಸ್ ಕಡಿಮೆ ಮಾಡ್ತಾರೆ ಅಥವಾ ಅಂತರ ಹೆಚ್ಚಿಸ್ತಾರೆ. ಅದು ಡಾಕ್ಟರ ಕೆಲಸ, ಪಕ್ಕದ ಮನೆಯವರಿಗೆ ಕೊಟ್ಟಿದ್ದ ಲೆಕ್ಕ ನಿಮಗೆ ಬೇಡ. ಮಧ್ಯದಲ್ಲಿ ನೋವು ಎದ್ದರೆ ಎಷ್ಟು ಕೊಡಬೇಕು ಅಂತಲೂ ಅವರ ಹತ್ತಿರ ಬರೆಸಿಕೊಳ್ಳಿ.

ಮೊದಲ ಎರಡು ಮೂರು ದಿನ ಮಂಪರು, ಒಂದಿಷ್ಟು ವಾಕರಿಕೆ ಇರುತ್ತೆ, ಸಾಮಾನ್ಯವಾಗಿ ಕಡಿಮೆ ಆಗುತ್ತೆ. ಮಲಬದ್ಧತೆ ಮಾತ್ರ ಹೋಗಲ್ಲ. ಮಾರ್ಫಿನ್ ಶುರುವಾದ ದಿನವೇ ಮಲ ಸಲೀಸಾಗಿ ಹೋಗೋ ಹಾಗೆ ಮಾಡುವ ಔಷಧಿಯೂ (ಲ್ಯಾಕ್ಸೇಟಿವ್) ಶುರು ಆಗಬೇಕು, ಚೀಟಿಯಲ್ಲಿ ಅದು ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಹೊಟ್ಟೆ ಕಟ್ಟಿಕೊಂಡ ಸಂಕಟವನ್ನೇ ರೋಗದ ನೋವು ಅಂದುಕೊಳ್ಳೋರು ಬಹಳ ಜನ. ನುಂಗೋಕೆ ಆಗದ ಹಾಗಾದರೆ ಚರ್ಮದ ಕೆಳಗೆ ಕೊಡುವ ಇಂಜೆಕ್ಷನ್ ಇದೆ, ಅಂಟಿಸುವ ಪ್ಯಾಚ್ ಇದೆ. ನಿಧಾನವಾಗಿ ಬಿಡುಗಡೆ ಆಗುವ ಮಾತ್ರೆ ಕೊಟ್ಟಿದ್ದರೆ ಅದನ್ನ ಪುಡಿ ಮಾಡಿ ಕೊಡಬೇಡಿ, ಅಷ್ಟೂ ಒಂದೇ ಸಲ ಮೈಗೆ ಸೇರುತ್ತೆ.

ಬೀದಿಯ ಮೆಡಿಕಲ್ ಶಾಪಿನಲ್ಲಿ ಇದು ಸಿಗಲ್ಲ, ಅದಕ್ಕೆ ಎದೆಗುಂದಬೇಡಿ. 2014ರಲ್ಲಿ ಮಾದಕವಸ್ತು ಕಾಯ್ದೆಗೆ ತಿದ್ದುಪಡಿ ಆದಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳು ನೇರವಾಗಿ ಇಟ್ಟುಕೊಂಡು ಕೊಡಬಹುದು. ಉಳಿದ ಮಾತ್ರೆಗಳನ್ನ ಮಕ್ಕಳ ಕೈಗೆ ಸಿಗದ ಹಾಗೆ ಬೀಗದಲ್ಲಿಡಿ.

ಅಕ್ಕನವರ ಮಾತಿಗೆ: ಈ ಹಂತದಲ್ಲಿ ಹಸಿವು ತಾನಾಗಿಯೇ ಇಂಗಿಹೋಗುತ್ತೆ. ಒತ್ತಾಯದಿಂದ ಬಾಯಿಗಿಟ್ಟರೆ ಶ್ವಾಸಕೋಶಕ್ಕೆ ಹೋಗೋ ಅಪಾಯ ಇದೆ. ಕೊನೆಯ ದಿನಗಳಲ್ಲಿ ಡ್ರಿಪ್ ಹಾಕಿದರೆ ಆ ನೀರನ್ನು ದೇಹ ಹೊರಗೆ ಹಾಕೋಕಾಗದೆ ಕೈಕಾಲು ಊದುತ್ತೆ, ಗಂಟಲಲ್ಲಿ ಕಫ ಹೆಚ್ಚಾಗುತ್ತೆ. ಕೇಳಿದರೆ ಕೊಡಿ, ಕೇಳಿದಷ್ಟೇ ಕೊಡಿ. ಬಾಯಿ ಒಣಗೋದು ನಿಜವಾದ ಸಂಕಟ. ಬೆರಳಿಗೆ ಗಾಜ್ ಬಟ್ಟೆ ಸುತ್ತಿ ನೀರಲ್ಲಿ ಅದ್ದಿ ಹಿಂಡಿ, ನಾಲಿಗೆ, ಒಸಡು, ಕೆನ್ನೆಯ ಒಳಗೆ ಮೆಲ್ಲಗೆ ಒರೆಸಿ. ತುಟಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ. ಇದನ್ನ ಅಕ್ಕನ ಕೈಲೇ ಮಾಡಿಸಿ.

ಉತ್ತರ: ಬಸವೇಶ್ವರನಗರದಿಂದ, ವಕೀಲ

ಕಾನೂನಿನ ಬಗ್ಗೆ ಚಿಕ್ಕದಾಗಿ. ತಿಳಿವಳಿಕೆ ಇರುವ ರೋಗಿ "ನನಗೆ ಆಸ್ಪತ್ರೆ ಬೇಡ, ಈ ಚಿಕಿತ್ಸೆ ಬೇಡ" ಅಂದರೆ ಅದು ಅವರ ಹಕ್ಕು. ಮುಂದೆ ಮಾತಾಡೋಕೆ ಆಗದ ಸ್ಥಿತಿ ಬಂದಾಗಲೂ ಆ ಮಾತು ನಿಲ್ಲಬೇಕಾದರೆ ಲಿವಿಂಗ್ ವಿಲ್, ಅಂದರೆ ಯಾವ ಚಿಕಿತ್ಸೆ ಬೇಡ ಅಂತ ಮುಂಚೆಯೇ ಬರೆದಿಡುವ ಪತ್ರ, ಮಾಡಿಸಿಡಿ. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರ ತೀರ್ಪಿನಲ್ಲಿ ಇದಕ್ಕೆ ಮಾನ್ಯತೆ ಕೊಟ್ಟಿತು. ಆಗ ಮ್ಯಾಜಿಸ್ಟ್ರೇಟ್ ಮುಂದೆ ಸಹಿ ಆಗಬೇಕಿತ್ತು, ಯಾರಿಗೂ ಆಗದ ಕೆಲಸ. 2023ರ ಜನವರಿಯಲ್ಲಿ ಅದನ್ನು ಸರಳ ಮಾಡಿದರು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ತನ್ನ ಪರವಾಗಿ ನಿರ್ಧಾರ ಮಾಡುವವರ ಹೆಸರನ್ನೂ ಅದರಲ್ಲಿ ಬರೆಯಬೇಕು. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಈ ತೀರ್ಪನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿದೆ. ನೋಟರಿಯವರನ್ನು ಕೇಳಿಕೊಂಡರೆ ಮನೆಗೆ ಬರ್ತಾರೆ. ನಿಮ್ಮ ತಂದೆ ಇನ್ನೂ ಚುರುಕಾಗಿದ್ದಾರೆ, ಆದ್ದರಿಂದ ತಡಮಾಡಬೇಡಿ. ನಿಮ್ಮ ಹೆಸರಿನ ಜೊತೆಗೆ ಅಕ್ಕನವರ ಹೆಸರನ್ನೂ ಹಾಕಿಸಿದರೆ ಮನೆಯೊಳಗಿನ ಜಗ್ಗಾಟ ಅರ್ಧ ಕಡಿಮೆ ಆಗುತ್ತೆ.

ಉತ್ತರ: ರಾಜಾಜಿನಗರದಿಂದ

ಕಾಗದಪತ್ರದ್ದು ನಾನು ಸೇರಿಸ್ತೀನಿ, ತಂದೆಯವರನ್ನ ಕಳಕೊಂಡಾಗ ಇದೆಲ್ಲ ನಾನೇ ಓಡಾಡಿದ್ದು.

ಮನೆಯಲ್ಲಿ ಸಹಜವಾಗಿ ತೀರಿಕೊಂಡರೆ, ನೋಡ್ತಿದ್ದ ಡಾಕ್ಟರು ಸಾವಿನ ಕಾರಣ ಬರೆದು ಕೊಡುವ ಸರ್ಟಿಫಿಕೇಟ್ ಬೇಕು. ಮನೆಯ ಸಾವಿಗೆ ಅದು ಫಾರಂ 4ಎ. ಅದು ಇಲ್ಲದೆ ಬನಶಂಕರಿ ಆಗಲಿ ವಿಲ್ಸನ್ ಗಾರ್ಡನ್ ಆಗಲಿ, ವಿದ್ಯುತ್ ಚಿತಾಗಾರದಲ್ಲಿ ತೊಂದರೆ ಆಗುತ್ತೆ. ಹೋದವರ ಮತ್ತು ಮುಂದೆ ನಿಲ್ಲುವವರ ಆಧಾರ್ ಜೆರಾಕ್ಸ್, ಡಿಸ್ಚಾರ್ಜ್ ಸಮ್ಮರಿ ಎಲ್ಲ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿ ದೇವರ ಮನೆ ಹತ್ತಿರ ಇಡಿ, ಎಲ್ಲರಿಗೂ ಗೊತ್ತಿರಲಿ. ಚಿತಾಗಾರದ ರಸೀದಿ ಜೋಪಾನ. ನೋಂದಣಿ 21 ದಿನದೊಳಗೆ ಆಗಬೇಕು, ಪಿಂಚಣಿ, ಬ್ಯಾಂಕು ಎಲ್ಲದಕ್ಕೂ ಆ ಮರಣ ಪತ್ರವೇ ಬೇಕಾಗೋದು.

ಕಣ್ಣಿನ ದಾನದ ಬಗ್ಗೆ ತಂದೆಯವರನ್ನ ಕೇಳಿ ನೋಡಿ. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ಇಬ್ಬರದ್ದೂ ಕೊಟ್ಟರು. ನಮ್ಮ ರಾಜಾಜಿನಗರದ ನಾರಾಯಣ ನೇತ್ರಾಲಯದಲ್ಲೇ ಅಣ್ಣಾವ್ರ ಹೆಸರಿನ ನೇತ್ರ ಬ್ಯಾಂಕ್ ಇದೆ. ಆರು ಗಂಟೆಯೊಳಗೆ ತೆಗೆಯಬೇಕು, ಮನೆಗೇ ಬರ್ತಾರೆ, ಮುಖ ವಿಕಾರ ಆಗಲ್ಲ. ರಕ್ತದ ಕ್ಯಾನ್ಸರ್ ಇದ್ದವರಿಂದ ತಗೊಳ್ಳಲ್ಲ, ಬೇರೆ ಕ್ಯಾನ್ಸರ್ ಸಾಮಾನ್ಯವಾಗಿ ಅಡ್ಡಿ ಅಲ್ಲ, ಕೊನೆಗೆ ಅವರು ಪರೀಕ್ಷೆ ಮಾಡಿ ಹೇಳ್ತಾರೆ. ಅವರು ಬರೋವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ಆರಿಸಿ, ತಲೆ ಸ್ವಲ್ಪ ಎತ್ತರಿಸಿಡಬೇಕು.

ಮಗಳು (ಪ್ರಶ್ನೆ ಕೇಳಿದವರು)

ನಿಮಗೆಲ್ಲ ಎಷ್ಟು ಕೈ ಮುಗಿದರೂ ಸಾಲದು. ಕಿದ್ವಾಯಿಗೆ ಫೈಲು ತಗೊಂಡು ಹೋಗಿ ಬಂದೆ, ಮಾರ್ಫಿನ್ ಶುರು ಆಗಿದೆ. ನಿನ್ನೆ ರಾತ್ರಿ ಅಪ್ಪ ಬೆಳಗಿನ ಜಾವದವರೆಗೂ ನಿದ್ದೆ ಮಾಡಿದರು. ನಮ್ಮ ರಸ್ತೆಯಲ್ಲೇ ಕ್ಲಿನಿಕ್ ಇಟ್ಟಿರೋ ಹಳೇ ಡಾಕ್ಟರು ಮನೆಗೆ ಬರ್ತೀನಿ, ಸರ್ಟಿಫಿಕೇಟೂ ಕೊಡ್ತೀನಿ ಅಂದಿದ್ದಾರೆ. ಕಣ್ಣಿನ ವಿಷಯ ಕೇಳೋಕೆ ನನಗೆ ಬಾಯೇ ಬರಲಿಲ್ಲ, ಯಜಮಾನರು ಕೇಳಿದರು. "ಸಣ್ಣ ಸಣ್ಣ ಚಕ್ರ ಜೋಡಿಸಿದ ಕಣ್ಣು ಕಣಯ್ಯಾ, ಇನ್ನೂ ಕೆಲಸ ಮಾಡುತ್ತೆ, ಕೊಡಿ" ಅಂದರಂತೆ.

ಅಕ್ಕ ಈಗ ಬಾಯಿ ಒರೆಸೋದು, ತುಟಿಗೆ ಎಣ್ಣೆ ಹಚ್ಚೋದು ಎಲ್ಲ ಮಾಡ್ತಾಳೆ, ಟ್ಯೂಬ್ ಮಾತು ನಿಲ್ಲಿಸಿದ್ದಾಳೆ. ಇನ್ನೊಂದು ಕೇಳ್ಬೇಕಿತ್ತು. ಕೊನೇ ಹೊತ್ತು ಬಂತು ಅಂತ ಹೇಗೆ ಗೊತ್ತಾಗುತ್ತೆ? ಆಗ ಕೆಳಗೆ ಚಾಪೆ ಮೇಲೆ ಮಲಗಿಸಬೇಕು ಅಂತ ದೊಡ್ಡಪ್ಪ ಹೇಳ್ತಿದ್ದಾರೆ.

ಉತ್ತರ: ಶ್ರೀನಗರದಿಂದ

ಓದಿ ಮನಸ್ಸಿಗೆ ನೆಮ್ಮದಿ ಆಯ್ತು.

ನಮ್ಮತ್ತೆಯವರಲ್ಲಿ ಕಂಡಿದ್ದು ಹೇಳ್ತೀನಿ, ಡಾಕ್ಟರು ಮುಂಚೆಯೇ ಇದನ್ನೆಲ್ಲ ತಿಳಿಸಿದ್ದರಿಂದ ನಾವು ಹೆದರಲಿಲ್ಲ. ಮೊದಲು ನಿದ್ದೆ ಹೆಚ್ಚಾಯ್ತು, ಎಬ್ಬಿಸಿದರೂ ಪೂರ್ತಿ ಏಳ್ತಿರಲಿಲ್ಲ. ಮೂತ್ರ ಕಡಿಮೆ ಆಗಿ ಬಣ್ಣ ಗಾಢ ಆಯ್ತು. ಪಾದ ತಣ್ಣಗಾಗಿ, ಮಂಡಿಯ ಹತ್ತಿರ ಚರ್ಮದಲ್ಲಿ ನೇರಳೆ ಬಣ್ಣದ ಮಚ್ಚೆಮಚ್ಚೆ ಕಂಡಿತು. ಉಸಿರು ಜೋರಾಗಿ ಬಂದು, ನಿಂತು, ನಾವು ಮುಖ ಮುಖ ನೋಡಿಕೊಳ್ಳುವಷ್ಟು ಹೊತ್ತಾದಮೇಲೆ ಮತ್ತೆ ಬರ್ತಿತ್ತು. ಗಂಟಲಲ್ಲಿ ಗೊರಗೊರ ಸದ್ದು ಬಂತು. ಕೇಳೋರಿಗೆ ಕರುಳು ಕಿವುಚುತ್ತೆ, ಆದರೆ ಅವರಿಗೆ ಅದರ ಅರಿವು ಇರಲ್ಲ ಅಂದರು ಡಾಕ್ಟರು. ಒಂದು ಮಗ್ಗುಲಿಗೆ ತಿರುಗಿಸಿ ತಲೆ ಎತ್ತರಿಸಿದರೆ ಸದ್ದು ಕಡಿಮೆ ಆಗುತ್ತೆ, ಅದಕ್ಕೆ ಇಂಜೆಕ್ಷನ್ನೂ ಇದೆ. ಇವೆಲ್ಲ ಕಂಡಾಗ ಫೋನ್ ಮಾಡಬೇಕಾದ್ದು ನಿಮ್ಮ ಡಾಕ್ಟರಿಗೆ, 108ಕ್ಕೆ ಅಲ್ಲ. ಆ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ, ದೊಡ್ಡಪ್ಪನಿಗೂ ತೋರಿಸಿ.

ಕೆಳಗೆ ಮಲಗಿಸೋ ವಿಷಯ. ನಮ್ಮ ಮನೆಯಲ್ಲೂ ಹಿರಿಯರು ಕೇಳಿದರು. ಉಸಿರಿರುವಾಗಲೇ ಎತ್ತಿ ಇಳಿಸಿದರೆ ಅವರಿಗೆ ನೋವಾಗುತ್ತೆ ಅಂತ ಡಾಕ್ಟರ ಬಾಯಿಂದಲೇ ಹೇಳಿಸಿದೆವು, ಎಲ್ಲರೂ ಒಪ್ಪಿದರು. ಮಂಚದ ಮೇಲೇ ತುಳಸಿ ನೀರು ಬಿಟ್ಟೆವು, ತುಟಿ ಒದ್ದೆ ಆಗುವಷ್ಟು ಮಾತ್ರ. ಜೀವ ಹೋದಮೇಲೆ ಚಾಪೆ, ದರ್ಭೆ ಎಲ್ಲ ಶಾಸ್ತ್ರದ ಪ್ರಕಾರ ಆಯ್ತು. ನಿಮ್ಮ ಡಾಕ್ಟರು ಮುಂದಿನ ಸಲ ಬಂದಾಗ ದೊಡ್ಡಪ್ಪನನ್ನೂ ಕರೆಸಿ ಕೂರಿಸಿ.

ರಾತ್ರಿ ಪಾಳಿಯನ್ನ ಅಕ್ಕ ನೀವು ಹಂಚಿಕೊಳ್ಳಿ, ಇಬ್ಬರೂ ಒಟ್ಟಿಗೆ ಎಚ್ಚರ ಇರಬೇಡಿ. ಮಾತ್ರೆ ಕೊಟ್ಟ ಹೊತ್ತನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಪಾಳಿ ಬದಲಾದಾಗ ಎರಡು ಸಲ ಕೊಟ್ಟುಬಿಡೋದು ತಪ್ಪುತ್ತೆ. ಏನು ಬೇಕಾದರೂ, ಎಷ್ಟು ಹೊತ್ತಿಗಾದರೂ ಇಲ್ಲಿ ಬರೀರಿ, ನಾನು ನೋಡ್ತಿರ್ತೀನಿ.